ಬಾಣವಿಲ್ಲದ ಬಿಲ್ಲಿನ ಆರೈಕೆ

ಹೋದ ವಾರ ಸಾರಿಗೆ ಮೇಣ ಹಾಕಿದೆ.

ಗಾಬರಿಯಾಗಬೇಡಿ, ಯಾರೂ ಉಣ್ಣಲಿಲ್ಲ. ಅಡುಗೆಮನೆಯ ಡ್ರಾಯರಿನಲ್ಲಿ ಇಂಗಿನ ಡಬ್ಬಿಯ ಪಕ್ಕ ಕಾಗದದಲ್ಲಿ ಸುತ್ತಿದ ಒಂದು ಕಂದು ಉಂಡೆ ಕಂಡಿತು. ಟೋಕಿಯೋದ ನಮ್ಮ ನಿಶಿ ಕಸಾಯಿಯ ಅಂಗಡಿಗಳಲ್ಲಿ ಬೇಳೆ, ಹಪ್ಪಳ, ಕೊನೆಗೆ ನುಗ್ಗೆಕಾಯಿ ಕೂಡ ಸಿಗುತ್ತದೆ. ಒಳ್ಳೆಯ ಅಚ್ಚುಬೆಲ್ಲ ಮಾತ್ರ ಅಪರೂಪ. ಊರಿಂದ ಬಂದ ಯಾರೋ ಕೊಟ್ಟದ್ದನ್ನು ಎತ್ತಿಟ್ಟು ಮರೆತಿದ್ದೇನೆ ಎಂದುಕೊಂಡು, ಖುಷಿಯಿಂದಲೇ ಒಂದು ಚೂರು ಮುರಿದು ಕುದಿಯುವ ಸಾರಿಗೆ ಹಾಕಿದೆ. ಅದು ಕರಗಿತು. ಕರಗಿ ಮೇಲಕ್ಕೆ ಬಂದು ತೆಳ್ಳಗೆ ಹರಡಿತು. ಒಲೆ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಗಟ್ಟಿಯಾಗಿ, ಪಾತ್ರೆಯ ಬಾಯಿಗೆ ಸರಿಯಾಗಿ ಕೂತಿತ್ತು. ಬೆರಳಿನಿಂದ ತಟ್ಟಿದರೆ ಟಕ್ ಎಂದಿತು. ಸಾರಿಗೆ ಸಾರಿನೊಳಗಿಂದಲೇ ಮುಚ್ಚಳ ಮಾಡಿದವಳು ಬಹುಶಃ ನಾನೊಬ್ಬಳೇ.

ಅದು ಜೇನುಮೇಣ. ಬಿಲ್ಲಿನ ಹೆದೆಗೆ ಹಚ್ಚುವುದು.

ನಮ್ಮ ಮನೆಯಲ್ಲಿ ಒಂದು ಬಿಲ್ಲಿದೆ ಎಂದು ನಿಮಗೆ ಹೇಳಿರಲಿಲ್ಲ, ಅಲ್ಲವೇ. ಇದೆ. ಆಟದ ಬಿಲ್ಲಲ್ಲ, ಜಪಾನಿನವರು ಬಿಳಿ ಕಾಲುಚೀಲ ಹಾಕಿಕೊಂಡು ಗಂಭೀರವಾಗಿ ಎಳೆಯುವ ಆ ಉದ್ದನೆಯ ಬಿದಿರಿನ ಬಿಲ್ಲೂ ಅಲ್ಲ. ಹಂದಿ, ಜಿಂಕೆ ಹೊಡೆಯಲೆಂದೇ ಮಾಡಿದ ಬೇಟೆಯ ಬಿಲ್ಲು. ಮೂರು ತುಂಡು. ನಡುವೆ ಕೈಹಿಡಿ, ಮೇಲೊಂದು ಕೆಳಗೊಂದು ಬಾಗುವ ತೋಳು. ಬಿಚ್ಚಿ ಚೀಲದಲ್ಲಿಟ್ಟರೆ ಯಾವುದೋ ವಾದ್ಯದ ಹಾಗೆ ಕಾಣುತ್ತದೆ. ಒಮ್ಮೆ ಸ್ಟೇಷನ್ನಿನಲ್ಲಿ ಕನ್ನಡದವರೊಬ್ಬರು ಅದನ್ನು ನೋಡಿ, "ಪಿಟೀಲಾ? ಎಲ್ಲಿ ಕಲೀತಿದೀರ? ನಮ್ಮ ಮಗಳಿಗೂ ಬೇಕಿತ್ತು" ಎಂದು ನಮ್ಮವರ ಫೋನ್ ನಂಬರು ಕೇಳಿದ್ದರು.

ನಮ್ಮವರೆಂದರೆ ಶ್ರೀಕಂಠ. ಮೈಸೂರಿನ ಅಗ್ರಹಾರದ ಹುಡುಗ, ಈಗ ಸಾಫ್ಟ್‌ವೇರಿನ ದೊಡ್ಡ ಮನುಷ್ಯ. ಬಚ್ಚಲಿನಲ್ಲಿ ಜಿರಲೆ ಕಂಡರೆ ಬಾಗಿಲು ಮುಂದೆ ಮಾಡಿಕೊಂಡು, "ಸುಮಾ, ಸ್ವಲ್ಪ ಬರ್ತೀಯಾ" ಎಂದು ನನ್ನನ್ನು ಕರೆಯುವ ವೀರ. ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಪೊಟ್ಟಣದ ಹಿಂಭಾಗವನ್ನು ಅನುವಾದದ ಆ್ಯಪಿಗೆ ತೋರಿಸಿ ಓದಿಸುವವರು. ಇಂಥವರ ಮನೆಗೆ ಬೇಟೆಯ ಬಿಲ್ಲು ಬಂದದ್ದು ಅವರ ತಾತನಿಂದಾಗಿ.

ನಮ್ಮ ಕಡೆಯವರು ಜಪಾನಿಗೆ ಬಂದು ಸ್ವಲ್ಪ ಕಾಲವಾದ ಮೇಲೆ ಏನಾದರೊಂದನ್ನು ಹಿಡಿದುಕೊಳ್ಳುತ್ತಾರೆ, ನೀವು ಗಮನಿಸಿರಬಹುದು. ಒಬ್ಬರು ಚಹಾ ಕದಡುವುದನ್ನು ಕಲಿಯುತ್ತಾರೆ. ಒಬ್ಬರು ಫ್ಯೂಜಿ ಹತ್ತಿ ಇಳಿದು, ಆಮೇಲೆ ಸಿಕ್ಕಿದವರನ್ನೆಲ್ಲ ಮಾತಿನಲ್ಲಿ ಹತ್ತಿಸಿ ಇಳಿಸುತ್ತಾರೆ. ಉರಯಾಸುವಿನ ನನ್ನ ಗೆಳತಿಯೊಬ್ಬಳ ಗಂಡ ಕುಬ್ಜ ಮರ ಬೆಳೆಸಲು ಹೋಗಿ ಕರಿಬೇವಿನ ಗಿಡವನ್ನೇ ಕುಬ್ಜ ಮಾಡಿ, ಆ ಮನೆಯಲ್ಲಿ ಒಗ್ಗರಣೆಗೆ ಎಲೆಯಿಲ್ಲದಂತೆ ಮಾಡಿದ್ದಾರೆ. ನಮ್ಮವರು ಹಿಡಿದದ್ದು ವಂಶದ ಶೌರ್ಯ. ಆಫೀಸಿನ ಯಾವುದೋ ಪಾರ್ಟಿಯಲ್ಲಿ, ಕೈಯಲ್ಲಿ ಕಿತ್ತಳೆ ರಸ ಹಿಡಿದುಕೊಂಡು, ತಮ್ಮ ತಾತ ಕಾಕನಕೋಟೆಯ ಕಾಡಿನಲ್ಲಿ ಬೇಟೆಯಾಡುತ್ತಿದ್ದರೆಂದು ಹೇಳಿದರು. ತಾತ ಅರಣ್ಯ ಇಲಾಖೆಯ ಗುಮಾಸ್ತರು. ಅವರು ಹುಲಿ ಕಂಡದ್ದು ಫೈಲಿನಲ್ಲಿ. ಕಾಡಿಗೆ ಸಂಬಳ ಹಂಚುವ ದಿನ ಮಾತ್ರ ಹೋಗುತ್ತಿದ್ದರು, ಅದೂ ಜೀಪಿನಲ್ಲಿ, ಕಿಟಕಿ ಮುಚ್ಚಿಕೊಂಡು.

ಆ ಪಾರ್ಟಿಯಲ್ಲಿ ಡೆರಿಲ್ ಎಂಬ ನ್ಯೂಜಿಲೆಂಡಿನವನಿದ್ದ. ಬಿಲ್ಲು ಅವನದು. ಜಪಾನಿನ ಕಾಡುಗಳಲ್ಲಿ ಹಂದಿ ಹೇರಳವೆಂದು ಕೇಳಿ ಊರಿಂದ ಹೊತ್ತು ತಂದಿದ್ದ. ಬಂದ ಮೇಲೆ ತಿಳಿಯಿತು, ಇಲ್ಲಿ ಬಿಲ್ಲಿನಿಂದ ಬೇಟೆಯಾಡುವುದು ಕಾನೂನಿಗೆ ವಿರುದ್ಧ. ಬಂದೂಕು ಇಲ್ಲವೇ ಬೋನು, ಅದಕ್ಕೂ ಪರವಾನಗಿ. ಪಾಪ, ಬಿಲ್ಲು ಕೆಲಸವಿಲ್ಲದೆ ಕೂತಿತ್ತು. ಅವನು ಊರಿಗೆ ಮರಳುವಾಗ ಎಲ್ಲರ ಮುಂದೆ ಒಂದು ಭಾಷಣ ಮಾಡಿ, "ಬೇಟೆಗಾರನ ಮೊಮ್ಮಗನಿಗೆ" ಎಂದು ಅದನ್ನು ನಮ್ಮವರ ಕೈಗೆ ಕೊಟ್ಟುಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಣಗಳನ್ನು ಅವನು ಕೊಡಲಿಲ್ಲ. ನಮ್ಮವರು ಕೇಳಲೂ ಇಲ್ಲ.

ಕೊಟ್ಟವನು ಸುಮ್ಮನೆ ಕೊಡಬಾರದೇ. ಬೇಟೆಯ ಕಾಲ ಮುಗಿದ ಮೇಲೆ, ಮುಂದಿನ ಕಾಲ ಬರುವ ತನಕ, ಬಿಲ್ಲನ್ನು ಹೇಗೆ ಜೋಪಾನ ಮಾಡಬೇಕೆಂದು ಒಂದು ಸಂಜೆಯೆಲ್ಲ ಪಾಠ ಹೇಳಿದ್ದ. ಹೆದೆ ಬಿಚ್ಚಿಡಬೇಕು, ಬಿಗಿದೇ ಇಟ್ಟರೆ ತೋಳು ಸೋಲುತ್ತದೆ. ಮೂಲೆಯಲ್ಲಿ ಒರಗಿಸಿ ನಿಲ್ಲಿಸಬಾರದು, ತಿರುಚಿಕೊಳ್ಳುತ್ತದೆ; ಮಲಗಿಸಿಡಬೇಕು. ಬಿಸಿಲು ಬೇಡ, ಹೀಟರಿನ ಹತ್ತಿರ ಬೇಡ, ತೇವ ಬೇಡವೇ ಬೇಡ. ಹೆದೆಗೆ ಮೇಣ ಹಚ್ಚಿ, ಬೆರಳಲ್ಲಿ ಉಜ್ಜಿ, ಬಿಸಿ ಹುಟ್ಟಿಸಿ ಎಳೆಯೊಳಗೆ ಇಳಿಸಬೇಕು. ತೋಳಿನ ಮೇಲೆ ಹತ್ತಿ ಆಡಿಸಬೇಕು. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಕಣ್ಣಿಗೆ ಕಾಣದ ಬಿರುಕಿದೆ ಎಂದು ಅರ್ಥ. ಎಲ್ಲಕ್ಕಿಂತ ಮುಖ್ಯ, ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ತಿರುಗಿ ಅದು ಸೀಳಿಹೋಗುತ್ತದೆ.

ನಮ್ಮವರು ಮನೆಯಲ್ಲಿ ಯಾವ ಮಾತನ್ನೂ ಇಷ್ಟು ಗಮನವಿಟ್ಟು ಕೇಳಿದವರಲ್ಲ. ಬೇಟೆಯ ಕಾಲ ಎಂದೂ ಬರುವುದಿಲ್ಲ, ಆದ್ದರಿಂದ ನಮ್ಮ ಮನೆಯಲ್ಲಿ ವರ್ಷವಿಡೀ ಬಿಡುವಿನ ಕಾಲ. ವರ್ಷವಿಡೀ ಆರೈಕೆ. ಇಲ್ಲಿಯ ಮನೆಗಳಲ್ಲಿ ಹಾಸಿಗೆ ಮಡಚಿಡಲು ಜಾರುಬಾಗಿಲಿನ ಒಂದು ದೊಡ್ಡ ಗೂಡು ಇರುತ್ತದೆ. ಅದರ ಮೇಲಿನ ಅಟ್ಟದಲ್ಲಿ ನನ್ನ ರೇಷ್ಮೆ ಸೀರೆಗಳಿದ್ದವು. ಈಗ ಅಲ್ಲಿ ಬಿಲ್ಲು ಮಲಗುತ್ತದೆ, ಸೀರೆಗಳು ಮಂಚದ ಕೆಳಗೆ. ದೇವರ ದೀಪಕ್ಕೆಂದು ನಂಜನಗೂಡಿನಿಂದ ಅಮ್ಮ ಕಳಿಸಿದ ಹತ್ತಿ ಬಿಲ್ಲಿನ ಮೈ ಸವರಲು ಹೋಯಿತು. ಜೂನಿನ ಮಳೆಗಾಲದಲ್ಲಿ ಟೋಕಿಯೋದ ಗಾಳಿ ಹಿಂಡಿದರೆ ನೀರು ಬರುವಂತಿರುತ್ತದೆ. ನನ್ನ ಹುಣಸೆಹಣ್ಣು ಬೂಷ್ಟು ಹಿಡಿದು, ಸಂಡಿಗೆ ಮೆತ್ತಗಾಗಿ, ಚಟ್ನಿಪುಡಿ ಗಟ್ಟಿಯಾಗಿ ಕೂತಿದ್ದರೆ, ಬಿಲ್ಲಿನ ಸುತ್ತ ತೇವ ಹೀರುವ ಡಬ್ಬಿಗಳ ಕಾವಲು. ಒಂದು ಡಬ್ಬಿ ಅಡುಗೆಮನೆಗೆ ಕೊಡಿ ಎಂದರೆ, "ಹುಣಸೆಹಣ್ಣು ಮತ್ತೆ ಸಿಗತ್ತೆ ಕಣೆ. ಇದು ಸಿಗತ್ತಾ?" ಎಂದರು. ಸಿಗುವುದಿಲ್ಲವೆಂಬ ಒಂದೇ ಆಸೆಯಲ್ಲಿ ನಾನು ಬದುಕಿದ್ದೆ.

ಆದರೂ ನನಗೆ ಪೂರ್ತಿ ನಗುವ ಹಕ್ಕಿಲ್ಲ. ನಾನು ಬಂದ ಮನೆಯೂ ಇಂಥದ್ದೇ. ನನ್ನ ಅಪ್ಪನ ಹತ್ತಿರ ಒಂದು ರಬ್ಬರಿನ ಮಳೆಕೋಟು ಇತ್ತು, ಕಪ್ಪನೆಯದು, ಹಾಕಿಕೊಂಡರೆ ಅಪ್ಪ ಎಮ್ಮೆಯ ಹಾಗೆ ಕಾಣುತ್ತಿದ್ದರು. ಬೇಸಿಗೆ ಬಂತೆಂದರೆ ಅದರ ಸೇವೆ ಶುರು. ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ, ಮಡಿಕೆಗಳು ಅಂಟದಿರಲೆಂದು ಒಳಗೆಲ್ಲ ಮುಖಕ್ಕೆ ಹಚ್ಚುವ ಪೌಡರು ಉದುರಿಸಿ, ಹಳೆಯ ಪಂಚೆಯಲ್ಲಿ ಸುತ್ತಿ, ನಡುಮನೆಯ ಗಳುವಿಗೆ ತೂಗುಹಾಕುತ್ತಿದ್ದರು. ಪೌಡರು ಅಮ್ಮನದು. ಅಮ್ಮ ಮುಖಕ್ಕೆ ಹಚ್ಚಿಕೊಂಡದ್ದಕ್ಕಿಂತ ಕೋಟು ಹಚ್ಚಿಕೊಂಡದ್ದೇ ಹೆಚ್ಚು. ಇಷ್ಟು ಮಾಡಿ, ಮಳೆ ಬಂದಾಗ ಅಪ್ಪ ಕೊಡೆ ಹಿಡಿದುಕೊಂಡು ಹೋಗುತ್ತಿದ್ದರು. "ಕೋಟು?" ಎಂದು ಅಮ್ಮ ಕೇಳಿದರೆ, "ಇಂಥ ಮಳೇಲಿ ಹಾಕಿದ್ರೆ ಹಾಳಾಗಲ್ವೇನೆ" ಎನ್ನುತ್ತಿದ್ದರು. ಒಂದೇ ಒಂದು ಸಲ ಹಾಕಿಕೊಂಡು, ಅದರ ಮೇಲೆ ಕೊಡೆಯನ್ನೂ ಹಿಡಿದುಕೊಂಡು ಹೊರಟಿದ್ದನ್ನು ನಾನೇ ನೋಡಿದ್ದೇನೆ. ಒಂದು ವಸ್ತುವನ್ನು ಬಳಸದೆಯೇ ಪ್ರೀತಿಸುವ ಗಂಡಸರ ಕೈಯಿಂದ ಕೈಗೆ ನನ್ನನ್ನು ದಾಟಿಸಿದ್ದಾರೆ.

ಬಿಲ್ಲು ಹೀಗೆಯೇ ನಮ್ಮೆಲ್ಲರಿಗಿಂತ ಸುಖವಾಗಿ ಇದ್ದುಬಿಡಬಹುದಿತ್ತು. ಎಡವಟ್ಟಾದದ್ದು ಹಯಾಶಿ ಸಾನ್‌ರಿಂದ.

ಹಯಾಶಿ ಸಾನ್, ಅಂದರೆ ಹಯಾಶಿಯವರು, ನಮ್ಮವರ ಸಹೋದ್ಯೋಗಿ. ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರು. ಅವರ ತಂದೆ ಪಕ್ಕದ ಚಿಬಾ ಪ್ರಾಂತ್ಯದ ದಕ್ಷಿಣಕ್ಕೆ, ಬೋಸೋ ಗುಡ್ಡಗಳ ನಡುವೆ ಇರುತ್ತಾರೆ. ಗದ್ದೆ, ಬಿದಿರ ತೋಪು, ಪರವಾನಗಿಯಿರುವ ಬಂದೂಕು. ಅಲ್ಲಿ ಕಾಡುಹಂದಿಯ ಕಾಟ. ಏಪ್ರಿಲ್‌ನಲ್ಲಿ ಬಿದಿರ ಮೊಳಕೆ ನೆಲದಿಂದ ತಲೆಯೆತ್ತುವ ಮೊದಲೇ ಹಂದಿಗಳು ಮೂಸಿ, ಅಗೆದು, ತಿಂದು ಮುಗಿಸುತ್ತವೆ. ಭಾರತದಿಂದ ಬಂದ ಬೇಟೆಗಾರರ ಮೊಮ್ಮಗನೊಬ್ಬ ತಮ್ಮ ಆಫೀಸಿನಲ್ಲಿದ್ದಾನೆ ಎಂದು ಹಯಾಶಿ ಸಾನ್ ತಂದೆಗೆ ಹೇಳಿದ್ದರಂತೆ. ಆ ಹಿರಿಯರು, ಕುಟುಂಬ ಸಮೇತ ಬರಲಿ, ಬಿಲ್ಲನ್ನೂ ತರಲಿ, ನೋಡಬೇಕು ಎಂದು ಹೇಳಿಕಳಿಸಿದರು.

ನಮ್ಮವರ ಮುಖ ನೋಡಬೇಕಿತ್ತು. ಊಟದ ತಟ್ಟೆಯ ಮುಂದೆ ಕೂತು ಮೊಸರನ್ನದಲ್ಲಿ ಬೆರಳಾಡಿಸುತ್ತ, "ಹೋಗ್ದೇ ಇದ್ರೆ ತಪ್ಪು ತಿಳ್ಕೋತಾರೆ" ಎಂದರು.

"ಹೋದ್ರೆ ಸರಿಯಾಗಿ ತಿಳ್ಕೋತಾರೆ. ಯಾವ್ದು ಕಷ್ಟ ನೋಡಿ" ಎಂದೆ.

"ಬಿಲ್ಲಲ್ಲಿ ಹೊಡಿಯೋ ಹಾಗೇ ಇಲ್ವಲ್ಲ ಇಲ್ಲಿ. ಕಾನೂನಿದೆ."

ಕಾನೂನಿನ ಮೇಲೆ ಅವರಿಗೆ ಅಷ್ಟು ಭಕ್ತಿ ಮೂಡಿದ್ದು ನಾನು ಕಂಡದ್ದು ಅದೇ ಮೊದಲು.

ಹಯಾಶಿ ಸಾನ್ ಜೊತೆಗೆ ಬರುತ್ತೇನೆಂದಿದ್ದವರು ಕೊನೆಯ ಗಳಿಗೆಯಲ್ಲಿ ಆಫೀಸಿನಲ್ಲಿ ಸಿಕ್ಕಿಹಾಕಿಕೊಂಡರು. ಭಾನುವಾರವೇ ಏನೋ ರಿಲೀಸ್. ಹಾಗಾಗಿ ಹೊರಟವರು ನಾವು ಮೂವರು, ನಾಲ್ಕನೆಯದು ಬಿಲ್ಲು. ಮೂರನೆಯವಳು ಇಳಾ, ನಮ್ಮ ಮಗಳು, ಮಿಡ್ಲ್ ಸ್ಕೂಲಿಗೆ ಆಗತಾನೇ ಸೇರಿದವಳು. ಇಲ್ಲೇ ಬೆಳೆದವಳಾದ್ದರಿಂದ ಜಪಾನಿ ಭಾಷೆ ಅವಳಿಗೆ ಉಸಿರಾಟದಷ್ಟು ಸಲೀಸು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಬೇರೆ ಯಾವುದಾದರೂ ಭಾಷೆಯಲ್ಲಿ. ನಮ್ಮವರಿಗೆ ಕ್ಷಮಿಸಿ ಎನ್ನುವ ಸುಮಿಮಾಸೆನ್, ಧನ್ಯವಾದ ಎನ್ನುವ ಅರಿಗಾತೋ ಬಿಟ್ಟರೆ ಜಪಾನಿ ಬರುವುದಿಲ್ಲ. ಆಫೀಸಿನ ಕೆಲಸವೆಲ್ಲ ಇಂಗ್ಲಿಷಿನಲ್ಲಿ. ನನಗೆ ಬರುತ್ತದೆ, ಆದರೆ ನಾನು ಕೆಲಸ ಮಾಡುವುದು ಶಿಶುವಿಹಾರದಲ್ಲಿ, ಕಲಿತದ್ದು ಅಲ್ಲಿಯ ಪುಟ್ಟ ಮಕ್ಕಳಿಂದ. ಕೈ ತೊಳೆದುಕೊಂಡೆಯಾ, ಮೊದಲು ತಳ್ಳಿದವರು ಯಾರು, ಅಳಬೇಡ ಅಮ್ಮ ಬರುತ್ತಾಳೆ, ಇವಿಷ್ಟನ್ನು ಸೊಗಸಾಗಿ ಮಾತನಾಡಬಲ್ಲೆ. ಕೇಳಿದರೆ ಮುಕ್ಕಾಲು ಪಾಲು ತಿಳಿಯುತ್ತದೆ.

ರೈಲು ಬದಲಿಸಿ, ಸಮುದ್ರದ ಪಕ್ಕ ಹಾದು, ಮಧ್ಯಾಹ್ನದ ಹೊತ್ತಿಗೆ ಒಂದು ಪುಟ್ಟ ಸ್ಟೇಷನ್ನಿನಲ್ಲಿ ಇಳಿದೆವು. ಹಿರಿಯ ಹಯಾಶಿ ತಮ್ಮ ವ್ಯಾನಿನ ಪಕ್ಕ ನಿಂತಿದ್ದರು. ತೆಳ್ಳಗಿನ ಮೈ, ರಬ್ಬರ್ ಬೂಟು, ತಲೆಗೆ ಮಾಸಿದ ಟೊಪ್ಪಿ. ಇಳಾ ಅವರನ್ನು ಓಜೀಸಾನ್, ಅಂದರೆ ಅಜ್ಜಾ, ಎಂದು ಕರೆದಳು. ನಾನೂ ಇಲ್ಲಿ ಅಜ್ಜ ಎಂದೇ ಕರೆಯುತ್ತೇನೆ. ಅವರ ಹೆಂಡತಿ ಬಿದಿರ ಮೊಳಕೆ ಮಾರಲು ಊರಿನ ಸಂತೆಗೆ ಹೋಗಿದ್ದರು, ಸಂಜೆಯ ತನಕ ಬರುವುದಿಲ್ಲವಂತೆ.

ಮನೆಯ ಜಗಲಿಯ ಮೇಲೆ ಕೂರಿಸಿ ಚಹಾ ಕೊಟ್ಟರು. ನಮ್ಮವರು ಚೀಲ ಬಿಚ್ಚಿ, ತುಂಡುಗಳನ್ನು ಜೋಡಿಸಿ, ಹೆದೆ ಏರಿಸಿ, ಎರಡೂ ಕೈಗಳಲ್ಲಿ ಬಿಲ್ಲನ್ನು ಅಜ್ಜನ ಮುಂದೆ ಹಿಡಿದರು. ಅಜ್ಜ ಟೊಪ್ಪಿ ತೆಗೆದು, ಬಾಗಿ, ಎರಡೂ ಕೈಗಳಲ್ಲಿ ತೆಗೆದುಕೊಂಡರು. ಬೆರಳಿನಿಂದ ತೋಳನ್ನು ಸವರಿದರು. ಹೆದೆಯನ್ನು ಮೂಸಿ ನೋಡಿದರು. ಆಮೇಲೆ ಏನೋ ಕೇಳಿದರು. ಬಿಲ್ಲು ನಿಮ್ಮ ತಾತನದಾ, ಎಂದು ಇಳಾ ಇಂಗ್ಲಿಷಿನಲ್ಲಿ ತಿಳಿಸಿದಳು.

ನಮ್ಮವರು ಗಂಟಲು ಸರಿಮಾಡಿಕೊಂಡರು. "ಈ ಬಿಲ್ಲು ಸ್ನೇಹಿತ ಕೊಟ್ಟಿದ್ದು, ಆದ್ರೆ ತಾತ ಇಂಥದ್ರಲ್ಲೇ ಹಂದಿ ಹೊಡೀತಿದ್ರು, ಕಾಕನಕೋಟೇಲಿ, ಅಂತ ಹೇಳು ಇಳಾ."

ಇಳಾ ಅಜ್ಜನ ಕಡೆ ತಿರುಗಿ, ಮಂಡಿಯ ಮೇಲೆ ಕೈಯಿಟ್ಟುಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಜಪಾನಿಯಲ್ಲಿ ಹೇಳಿದಳು: "ಅಪ್ಪನ ತಾತ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದರು. ಕಾಡಿಗೆ ಸಂಬಂಧಪಟ್ಟ ಆಫೀಸು. ಬೇಟೆಯಾಡಿಲ್ಲ."

ನನ್ನ ಚಹಾ ಅಡ್ಡದಾರಿ ಹಿಡಿಯಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಅಜ್ಜ ನಿಧಾನವಾಗಿ, ಉದ್ದಕ್ಕೆ, "ನರುಹೋದೋ" ಎಂದು ತಲೆಯಾಡಿಸಿದರು. ಹೌದಾ, ಹಾಗಾ, ಎಂಬ ಅರ್ಥದ ಮಾತು. ಹೇಳುವ ರೀತಿಯಲ್ಲಿ ಮಾತ್ರ ಯಾವುದೋ ಮಹಾ ಸತ್ಯ ಹೊಳೆದಂತಿರುತ್ತದೆ.

"ನೋಡಿದ್ಯಾ, ಎಷ್ಟು ಗೌರವ" ಎಂದರು ನಮ್ಮವರು ನನ್ನ ಕಿವಿಯಲ್ಲಿ.

ಅಜ್ಜ ಮತ್ತೆ ಕೇಳಿದರು, ಅಭ್ಯಾಸ ಎಲ್ಲಿ ಮಾಡುತ್ತೀರಿ ಎಂದು.

"ವಾರಾ ವಾರಾ ತಪ್ಪಿಸಲ್ಲ ಅಂತ ಹೇಳು."

"ವಾರ ವಾರವೂ ಮೇಣ ಹಚ್ಚುತ್ತಾರೆ. ಬಾಣ ಬಿಟ್ಟದ್ದು ನಾನು ನೋಡಿಲ್ಲ. ನಮ್ಮ ಮನೆಯಲ್ಲಿ ಬಾಣ ಇಲ್ಲ."

"ನರುಹೋದೋ."

ನಾನು ಇಳಾಳ ಕಾಲನ್ನು ಮೆಲ್ಲಗೆ ಒದ್ದೆ. ಅವಳು ನನ್ನನ್ನು ನೋಡಿ, "ವಾಟ್? ಹೀ ಆಸ್ಕ್ಡ್, ಐ ಆನ್ಸರ್ಡ್" ಎಂದಳು. ಜಪಾನಿನ ಶಾಲೆಯಲ್ಲಿ ಇವರಿಗೆ ಹಿರಿಯರ ಮುಂದೆ ಸುಳ್ಳಾಡಬಾರದೆಂದು ಕಲಿಸಿಬಿಟ್ಟಿದ್ದಾರೆ. ನಮ್ಮ ಕಡೆಯ ಶಾಲೆಗಳಲ್ಲೂ ಕಲಿಸುತ್ತಾರೆ, ಆದರೆ ನಾವು ಅದನ್ನು ಪರೀಕ್ಷೆಗೆ ಮಾತ್ರ ಓದಿಕೊಳ್ಳುತ್ತೇವೆ.

ಅನುವಾದ ಹೀಗಾಗುತ್ತಿದೆ ಎಂದು ನಮ್ಮವರಿಗೆ ಹೇಳಬಹುದಾಗಿತ್ತು ನಾನು. ಹೇಳಲಿಲ್ಲ. ಇಷ್ಟು ವರ್ಷ ಸೀರೆಗಳನ್ನು ಮಂಚದ ಕೆಳಗಿಟ್ಟುಕೊಂಡವಳಿಗೆ ಇಂಥ ಒಂದು ಮಧ್ಯಾಹ್ನ ಬೇಡವೇ.

ಹಂದಿಯ ಮಾಂಸದ ಮಾತು ಬಂತು. ಫ್ರಿಜ್ಜಿನಲ್ಲಿದೆ, ಇವತ್ತು ಸಾರು ಮಾಡುತ್ತೇನೆ, ತಿನ್ನುತ್ತೀರಲ್ಲ, ಎಂದು ಅಜ್ಜ ಕೇಳಿದರು. ನಮ್ಮವರು ಚಹಾದ ಬಟ್ಟಲು ಕೆಳಗಿಟ್ಟರು. "ಬೇಟೆಯ ಸೀಸನ್ನಲ್ಲಿ ಮಾತ್ರ ತಿಂತೀವಿ, ಆಫ್ ಸೀಸನ್ನಲ್ಲಿ ವ್ರತ ಅಂತ ಹೇಳು."

"ಮೊಟ್ಟೆ ಹಾಕಿದ ಕೇಕನ್ನೂ ತಿನ್ನುವುದಿಲ್ಲ. ವಾಸನೆ ಬಂದರೂ ಕಿಟಕಿ ತೆಗೆಯುತ್ತಾರೆ" ಎಂದು ಅನುವಾದವಾಯಿತು.

ಅಜ್ಜ ಎದ್ದು ಒಳಗೆ ಹೋದರು. ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು ತುಂಬಿದ ಅನ್ನದ ಉಂಡೆಗಳನ್ನೂ ಬರೀ ನೀರಿನಲ್ಲಿ ಬೇಯಿಸಿದ ಎಳೆ ಬಿದಿರನ್ನೂ ತಂದಿಟ್ಟರು. ಮೀನಿನ ಪುಡಿ ಹಾಕಿಲ್ಲ, ಎಂದು ಎರಡು ಸಲ ಹೇಳಿದರು. ಎಳೆ ಬಿದಿರು ಎಂದರೆ ನಮ್ಮ ಕಳಲೆಯೇ. ಹಬೆಯಾಡುತ್ತಿತ್ತು, ಸಿಹಿಯಾಗಿತ್ತು. ಅಪರಿಚಿತನೊಬ್ಬನ ಬಡಾಯಿಯನ್ನು ನಗದೆ ಕೇಳಿಸಿಕೊಂಡು, ಅವನಿಗೆ ಒಗ್ಗುವ ಅಡುಗೆ ಮಾಡಿ ಬಡಿಸುವವರನ್ನು ನಾನು ನಮ್ಮ ನೆಂಟರಲ್ಲಿ ಕಂಡಿಲ್ಲ.

ಊಟದ ಮೇಲೆ ಅಜ್ಜ ಬಿಲ್ಲನ್ನು ಹೇಗೆ ಕಾಪಾಡುತ್ತೀರಿ ಎಂದು ಕೇಳಿದರು. ಅಲ್ಲಿಗೆ ನಮ್ಮವರ ಬಾಯಿ ನಿಜವಾಗಿ ತೆರೆಯಿತು. ಮೇಣ, ಹತ್ತಿ, ಮಲಗಿಸಿಡುವ ಬಗೆ, ಮಳೆಗಾಲದ ತೇವ, ಚಳಿಗಾಲದ ಹೀಟರು, ಒಂದೊಂದನ್ನೂ ಕೈಮಾಡಿ ತೋರಿಸಿದರು. ಇಳಾ ಅನುವಾದಿಸಿದಳು, ಒಂದಕ್ಷರವೂ ಹೆಚ್ಚುಕಡಿಮೆ ಇಲ್ಲದೆ, ಏಕೆಂದರೆ ಇದರಲ್ಲಿ ತಿದ್ದುವುದು ಏನೂ ಇರಲಿಲ್ಲ. ಅಜ್ಜ ಈಗ ಬೇರೆ ಥರ ಕೇಳುತ್ತಿದ್ದರು. ನಡುನಡುವೆ ಪ್ರಶ್ನೆ ಹಾಕಿದರು. ಮೇಣಕ್ಕೆ ಎಣ್ಣೆ ಬೆರೆಸುತ್ತೀರಾ ಎಂದು ವಿಚಾರಿಸಿದರು. ತಮ್ಮ ಬಂದೂಕು ಉಕ್ಕಿನ ಬೀರುವಿನಲ್ಲಿ ಬೀಗದೊಳಗಿರುತ್ತದೆ, ವರ್ಷ ವರ್ಷ ಪೊಲೀಸರಿಗೆ ತೋರಿಸಬೇಕು, ಬೇಟೆಯ ಕಾಲ ಮುಗಿದ ದಿನ ಅದಕ್ಕೆ ಎಣ್ಣೆ ಹಚ್ಚುವಾಗ ಮನಸ್ಸಿಗೆ ಒಂದು ಬಗೆಯ ಹಗುರ, ಎಂದರು. ನಮ್ಮವರು, "ಹೌದು ಹೌದು, ಅದೇ, ಹಗುರ" ಎಂದು ಕನ್ನಡದಲ್ಲೇ ಹೇಳಿದರು. ಇಬ್ಬರು ಗಂಡಸರು ಒಂದೇ ಮಾತನ್ನು ಎರಡು ಭಾಷೆಯಲ್ಲಿ ಒಪ್ಪಿಕೊಂಡು ಕೂತಿದ್ದನ್ನು ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನನ್ನ ಚಟ್ನಿಪುಡಿಯ ಬಗ್ಗೆ ಯಾರೂ ಇಷ್ಟು ಆಸ್ಥೆಯಿಂದ ಕೇಳಿದ್ದಿಲ್ಲ.

ಅಷ್ಟರಲ್ಲಿ ಅಜ್ಜನ ಫೋನು ಮೊಳಗಿತು. ಪಕ್ಕದ ಗದ್ದೆಯವರು. ತೋಪಿನ ಅಂಚಿನ ಬೋನಿಗೆ ಹಂದಿ ಬಿದ್ದಿದೆ. ಬೆಳೆಗೆ ಬೀಳುವ ಹಂದಿಯನ್ನು ಬೇಟೆಯ ಕಾಲ ಮುಗಿದ ಮೇಲೂ ಹೊಡೆಯಲು ಪರವಾನಗಿ ಇದೆಯಂತೆ.

ಅಜ್ಜ ಒಳಗೆ ಹೋಗಿ ಬೀರು ತೆಗೆದ ಸದ್ದಾಯಿತು. ಹೊರಗೆ ಬಂದಾಗ ಹೆಗಲಲ್ಲಿ ಬಂದೂಕಿನ ಚೀಲ. ನೀವೂ ಬನ್ನಿ, ದೂರ ನಿಂತು ನೋಡಬಹುದು, ಎಂದರು. ನಾವು ವ್ಯಾನಿನಲ್ಲಿ ಹೋಗಿ, ರಸ್ತೆಯ ಬದಿ ಇಳಿದು, ಬಿದಿರುಗಳ ನಡುವೆ ನಡೆದೆವು. ನಮ್ಮವರು ಬಿಲ್ಲಿನ ಚೀಲವನ್ನು ಬಿಟ್ಟುಬರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ.

ಕಬ್ಬಿಣದ ಬೋನು. ಒಳಗೆ ಒಂದು ಹಂದಿ, ತುಂಬಾ ದೊಡ್ಡದಲ್ಲ. ಮೂತಿಯನ್ನು ಸರಳಿಗೆ ತಿಕ್ಕಿ ತಿಕ್ಕಿ ರಕ್ತ ಬಂದಿತ್ತು. ನಮ್ಮನ್ನು ಕಂಡದ್ದೇ ಅದು ಒಮ್ಮೆ ಹಾರಿ ಬಡಿಯಿತು, ಬೋನು ಅಲುಗಾಡಿತು, ಆಮೇಲೆ ಸುಮ್ಮನೆ ನಿಂತು ಏದುಸಿರು ಬಿಡುತ್ತ ನಮ್ಮ ಕಡೆಗೇ ನೋಡತೊಡಗಿತು. ಮಣ್ಣು, ಹಸಿ ಬಿದಿರು, ಪ್ರಾಣಿಯ ಬೆವರು, ಎಲ್ಲ ಸೇರಿದ ವಾಸನೆ. ಅಜ್ಜ ಚೀಲದ ಜಿಪ್ಪು ಎಳೆದರು.

"ಇಳಾ" ಎಂದರು ನಮ್ಮವರು. "ನನ್ ಕೈಲಿ ಆಗ್ತಿಲ್ಲಮ್ಮ. ಅದು ನನ್ನೇ ನೋಡ್ತಿದೆ. ನಾನು ಇದನ್ನೆಲ್ಲ ಯಾವತ್ತೂ ನೋಡಿಲ್ಲ, ನಂಗೆ ಭಯ ಆಗತ್ತೆ, ಹೋಗ್ತೀನಿ ಅಂತ ಹೇಳ್ಬಿಡು ಅವ್ರಿಗೆ. ನಕ್ಕರೆ ನಗ್ಲಿ."

ಇಳಾ ಅಪ್ಪನ ಮುಖ ನೋಡಿದಳು. ಬೆಳಗಿನಿಂದ ಅವಳ ಮುಖದಲ್ಲಿದ್ದ ಆ ಪಾಠ ಒಪ್ಪಿಸುವ ಭಾವ ಹೋಗಿತ್ತು. ಜಪಾನಿಯಲ್ಲಿ ಅವಳು ಮಾತು ಹುಡುಕಿದ್ದನ್ನು ನಾನು ಅದೇ ಮೊದಲು ಕಂಡೆ. ಆಮೇಲೆ ಅಜ್ಜನ ಕಡೆ ತಿರುಗಿ ತಲೆಬಾಗಿಸಿ ಹೇಳಿದಳು.

"ನಮ್ಮ ಕಡೆ, ಬೇರೆಯವರ ಕಾಡಿನಲ್ಲಿ ಪ್ರಾಣಿಯ ಕೊನೆಯನ್ನು ಅತಿಥಿ ನೋಡಬಾರದು. ಅದು ಆ ಕಾಡಿನ ಹಿರಿಯರಿಗೆ ಮಾತ್ರ ಸೇರಿದ್ದು. ನೋಡಿದರೆ ಅಗೌರವ. ಅದಕ್ಕೆ ಅಪ್ಪ ಅಪ್ಪಣೆ ಕೇಳುತ್ತಿದ್ದಾರೆ."

ಬಿದಿರೆಲೆಗಳು ಸರಗುಟ್ಟಿದವು. ಅಜ್ಜ ನಮ್ಮವರನ್ನು ಒಂದು ಕ್ಷಣ ದಿಟ್ಟಿಸಿದರು. ಬಿಳಿಚಿದ ಮುಖ, ಎದೆಗೆ ಅವಚಿಕೊಂಡ ಚೀಲ. ಈಗ ಅಜ್ಜ ನಕ್ಕರೆ ನಾನು ಅವರನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದುಕೊಂಡೆ. ನಮ್ಮವರನ್ನು ನೋಡಿ ನಗುವ ಕೆಲಸ ನನ್ನದು, ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಿಲ್ಲ.

ಅಜ್ಜ ಬಂದೂಕನ್ನು ಪಕ್ಕಕ್ಕಿಟ್ಟು, ಟೊಪ್ಪಿ ತೆಗೆದು, ಸೊಂಟ ಬಾಗಿಸಿ ನಮ್ಮವರಿಗೆ ನಮಸ್ಕರಿಸಿದರು. ನಮ್ಮವರು ಇನ್ನೂ ಕೆಳಕ್ಕೆ ಬಾಗಿದರು. ಎಲ್ಲರೂ ವ್ಯಾನಿನ ಹತ್ತಿರ ಇರಿ ಎಂದು ಅಜ್ಜ ಕೈಸನ್ನೆ ಮಾಡಿದರು.

ವ್ಯಾನಿನೊಳಗೆ ಕೂತೆವು. ಗುಂಡಿನ ಸದ್ದು ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು, ಒಣ ಬಿದಿರು ಸಿಡಿದ ಹಾಗೆ. ಒಂದೇ. ಆಮೇಲೆ ಒಂದು ಹಕ್ಕಿಯೂ ಕೂಗಲಿಲ್ಲ. ನಮ್ಮವರು ತೊಡೆಯ ಮೇಲೆ ಬಿಲ್ಲಿನ ಚೀಲವಿಟ್ಟುಕೊಂಡು ಕಣ್ಣು ಮುಚ್ಚಿದ್ದರು. ಹಾಗೆಯೇ ಕೇಳಿದರು, "ಭಯ ಆಗತ್ತೆ ಅಂದಿದ್ದನ್ನ ಹಾಗೇ ಹೇಳ್ದೆಯಾ?"

"ಹೇಳ್ದೆ ಅಪ್ಪಾ." ಕನ್ನಡದಲ್ಲೇ ಹೇಳಿದಳು.

"ನಗಲಿಲ್ಲ ಅವ್ರು. ನೋಡಿದ್ಯಾ ಸುಮಾ, ಬಗ್ಗಿ ನಮಸ್ಕಾರ ಮಾಡಿದ್ರು. ಎಂಥ ದೊಡ್ಡ ಮನುಷ್ಯ."

"ದೊಡ್ಡ ಮನುಷ್ಯರೇ" ಎಂದೆ. ಆ ಒಂದು ಮಾತಿನಲ್ಲಿ ನನಗೆ ತಕರಾರಿರಲಿಲ್ಲ. ಮಿಕ್ಕಂತೆ, ನಮ್ಮವರ ಪಾಲಿಗೆ ಆ ದಿನವೆಲ್ಲ ತಲೆಕೆಳಗಾಗಿ ಕೂತಿತ್ತು. ಅವರು ಹೇಳಿದ ಸುಳ್ಳುಗಳೆಲ್ಲ ಅಜ್ಜನಿಗೆ ನಿಜವಾಗಿ ತಲುಪಿದ್ದವು. ತಮ್ಮ ಬಗ್ಗೆ ಹೇಳಿದ ಒಂದೇ ಒಂದು ನಿಜ ತಲುಪಿರಲಿಲ್ಲ. ಆದರೂ ಯಾರಿಗೂ ಏನೂ ಕಡಿಮೆಯಾದಂತೆ ಕಾಣಲಿಲ್ಲ.

ಅಜ್ಜ ಬಂದರು, ಕೈ ತೊಳೆದುಕೊಂಡಿದ್ದರು. ನಮ್ಮನ್ನು ಸ್ಟೇಷನ್ನಿಗೆ ಬಿಟ್ಟರು. ಹಿಂದಿನ ಸೀಟಿನಿಂದ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಕಳಲೆಯ ಕಟ್ಟನ್ನು ತೆಗೆದು ನನ್ನ ಕೈಗಿಟ್ಟರು. ಅಪ್ಪ ಮಗಳು ಟಿಕೆಟ್ಟಿನ ಗೇಟು ದಾಟಿ ಮುಂದೆ ಹೋಗಿದ್ದರು. ಅಜ್ಜ ನನಗೆ ತಿಳಿಯಲೆಂದು, ಶಿಶುವಿಹಾರದ ಮಕ್ಕಳಿಗೆ ನಾನು ಹೇಳುವಷ್ಟೇ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು.

"ನಿಮ್ಮ ಮಗಳು ಒಳ್ಳೆಯ ದುಭಾಷಿ. ಇಡೀ ದಿನದಲ್ಲಿ ಒಂದೇ ಸಲ ಸುಳ್ಳು ಹೇಳಿದಳು."

ನಾನು ಕಳಲೆಯ ಕಟ್ಟು ಹಿಡಿದುಕೊಂಡೇ ಬಾಗಿದೆ. ಅವರೂ ಬಾಗಿದರು.

ರೈಲು ಹೊರಟಿತು. ಎದುರಿನ ಸೀಟಿನಲ್ಲಿ ಇಳಾ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂತಿದ್ದಳು, ಆದರೆ ತಂತಿಯ ಇನ್ನೊಂದು ತುದಿ ಫೋನಿಗೆ ಸಿಕ್ಕಿರಲಿಲ್ಲ, ಹಾಡು ಬರುತ್ತಿರಲಿಲ್ಲ. ನಮ್ಮವರು ಬಿಲ್ಲನ್ನು ಮೇಲಿನ ಗೂಡಿನಲ್ಲಿ ಅಡ್ಡಲಾಗಿ ಮಲಗಿಸಿ, ಬಿಸಿಗಾಳಿ ಅದಕ್ಕೆ ಬಡಿಯುತ್ತಿಲ್ಲವಷ್ಟೇ ಎಂದು ಕೈಯಿಟ್ಟು ನೋಡಿ, ಬಂದು ಕೂತರು.

"ಕೊನೇಲಿ ನಿನ್ನ ಹತ್ರ ಏನೋ ಹೇಳಿದ್ರಲ್ಲ ಅಜ್ಜ. ಏನಂತೆ?"

ಇಳಾ ತಲೆಯೆತ್ತಿ ನನ್ನನ್ನು ನೋಡಿದಳು.

"ಬಿಲ್ಲನ್ನ ತುಂಬಾ ಚೆನ್ನಾಗಿ ಇಟ್ಕೊಂಡಿದೀರಂತೆ" ಎಂದೆ.

"ಮತ್ತಿನ್ನೇನು?" ಎಂದರು ನಮ್ಮವರು, ಕಾಲು ಚಾಚಿ ಒರಗುತ್ತ. "ಹೊಡಿಯೋದು ಯಾರು ಬೇಕಾದ್ರೂ ಹೊಡೀತಾರೆ ಕಣೆ."